ಜರ್ಮನ್ ಮೇಜಿನ ಕೆಳಗಿನ ಬೆಕ್ಕು

ಬೇಕಾದದ್ದು ಸಿಕ್ಕಿತು ಎನ್ನುವ ಸಂತೋಷ ಮನುಷ್ಯರಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಬೇಡದ್ದನ್ನು ಬೇಡ ಎಂದು ತಳ್ಳಿ ಬಂದೆ ಎನ್ನುವ ಸಂತೋಷ ಮಾತ್ರ ಮನೆಗೆ ಹೋಗಿ, ಕೈಕಾಲು ತೊಳೆದು, ಊಟ ಮುಗಿಸಿ, ನೆರೆಮನೆಯವರಿಗೆ ಹೇಳುವವರೆಗೂ ಇರುತ್ತದೆ. ಇದನ್ನು ನಾನು ಯಾವ ಪುಸ್ತಕದಿಂದಲೂ ಕಲಿತದ್ದಲ್ಲ. ಶಾಲೆಗೆ ಹೋದದ್ದು ಮೂರನೇ ಕ್ಲಾಸಿನವರೆಗೆ, ಅದರಲ್ಲೂ ದೋಣಿಗೆ ಮೀನು ಹೆಚ್ಚು ಬಿದ್ದ ದಿನ ರಜೆ. ಕಲಿತದ್ದು ಕಾಪುವಿನ ಮೀನು ಮಾರ್ಕೆಟ್ಟಿನಲ್ಲಿ, ಬುಟ್ಟಿಯ ಹಿಂದೆ ಕೂತು. ಅಲ್ಲಿ ಕೂತು ಕೂತು ನನ್ನ ಸೊಂಟ ಹೋಯಿತು, ಗಂಟಲು ದೊಡ್ಡದಾಯಿತು, ಮನುಷ್ಯರ ಮೇಲೆ ಇದ್ದ ಮರ್ಯಾದೆಯೂ ಸ್ವಲ್ಪ ಕಡಿಮೆಯಾಯಿತು. ಬೇರೆ ನಷ್ಟ ಎಂತ ಆಗಲಿಲ್ಲ.

ನಮ್ಮ ಕೆಲಸದ ಒಂದು ಉಪಾಯ ಹೇಳುತ್ತೇನೆ, ಗುಟ್ಟೇನಲ್ಲ. ಬಂಗುಡೆ ರಾಶಿ ಹಾಕುವಾಗ ಎಲ್ಲದರ ಮೇಲೆ, ಎದ್ದು ಕಾಣುವ ಹಾಗೆ, ಒಂದು ಸೋತ ಮೀನನ್ನು ಇಡಬೇಕು. ಕೊಳೆತದ್ದಲ್ಲ, ಕೊಳೆತದ್ದು ಇಟ್ಟರೆ ಹೆಸರು ಹೋಗುತ್ತದೆ. ಕಣ್ಣು ಸ್ವಲ್ಪ ಮಂಕಾದದ್ದು, ಹೊಟ್ಟೆ ಸ್ವಲ್ಪ ಮೆತ್ತಗಾದದ್ದು. ಗಿರಾಕಿ ಬಂದವಳು ಮೊದಲು ಅದನ್ನೇ ಎತ್ತುತ್ತಾಳೆ. ಕಿವಿರು ಬಿಡಿಸುತ್ತಾಳೆ, ಬೆರಳಲ್ಲಿ ಒತ್ತುತ್ತಾಳೆ, ಮುಖ ಸಿಂಡರಿಸಿ ಇದು ಬೇಡ ಮಾರಾಯ್ತಿ, ತೆಗೆ ಎನ್ನುತ್ತಾಳೆ. ನಾನು ನಾಲ್ಕು ಮಾತು ವಾದ ಮಾಡಿ, ಬೇಸರದ ಮುಖ ಮಾಡಿ ತೆಗೆಯುತ್ತೇನೆ. ಅಷ್ಟಾದ ಮೇಲೆ ಉಳಿದದ್ದನ್ನು ಅವಳು ಹೆಚ್ಚು ಮುಟ್ಟಿ ನೋಡುವುದಿಲ್ಲ, ಗೆದ್ದವಳ ಹಾಗೆ ಚೀಲ ಬೀಸಿಕೊಂಡು ಹೋಗುತ್ತಾಳೆ. ಉಳಿದ ಮೀನು ಒಳ್ಳೆಯದೇ ಇರುತ್ತದೆ, ಮೋಸ ಇಲ್ಲ. ಹಾಗಾದರೆ ಎಲ್ಲವನ್ನೂ ಒಳ್ಳೆಯದೇ ಇಡಬಾರದಾ ಎಂದು ನೀವು ಕೇಳಬಹುದು. ಇಟ್ಟು ನೋಡಿದ್ದೇನೆ. ತಳ್ಳಲು ಏನೂ ಸಿಗದಿದ್ದರೆ ಜನ ಒಳ್ಳೆಯ ಮೀನಿನಲ್ಲಿಯೇ ಕುಂದು ಹುಡುಕುತ್ತಾರೆ. ಅಲ್ಲಿಯೂ ಸಿಗದಿದ್ದರೆ ನನ್ನ ಮಾತು ಸರಿ ಇಲ್ಲ ಎಂದು ಪಕ್ಕದ ಲೀಲಕ್ಕನ ಬುಟ್ಟಿಯ ಎದುರು ಹೋಗಿ ಕೂರುತ್ತಾರೆ.

ಈ ಉಪಾಯವನ್ನು ಮೀನಿಗೆ ಮಾತ್ರ ಇಟ್ಟುಕೊಂಡಿದ್ದರೆ ನಾನು ಈಗ ಬಳಪ ಬಿಟ್ಟರೆ ಬೇರೆ ಎಂತದೂ ಹಿಡಿದು ಬರೆಯದ ಕೈಯಲ್ಲಿ ಪೆನ್ನು ಹಿಡಿದು ಕೂರಬೇಕಾಗಿರಲಿಲ್ಲ. ನಾನು ಅದನ್ನು ಜರ್ಮನ್ ಸಾಹಿತ್ಯಕ್ಕೆ ಹಾಕಿದೆ.

ನನ್ನ ಮಗಳ ಮಗಳು ನಿಖಿತಾ. ನಮ್ಮಲ್ಲಿ ಮಗಳ ಮಕ್ಕಳೇ ಮನೆಯ ಮಕ್ಕಳು, ಹಾಗಾಗಿ ಅವಳು ಹುಟ್ಟಿದಂದಿನಿಂದ ನನ್ನ ತಲೆಯ ಮೇಲೆಯೇ ಇದ್ದಾಳೆ. ಕಾಪುವಿನಿಂದ ದಿನಾ ಬಸ್ಸಿನಲ್ಲಿ ಉಡುಪಿ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಮಣಿಪಾಲ. ಅಲ್ಲಿ ಜರ್ಮನ್ ಭಾಷೆ, ಜರ್ಮನ್ ಸಾಹಿತ್ಯ, ಜರ್ಮನ್ ಜನರ ರೀತಿನೀತಿ ಇದರಲ್ಲಿ ಸಂಶೋಧನೆ. ಇದು ಎಂತ ವಿದ್ಯೆ, ಯಾಕೆ, ಯಾರಿಗೆ ಎಂದು ಮಾರ್ಕೆಟ್ಟಿನವರಿಗೆ ಹೇಳಿ ಹೇಳಿ ನನ್ನ ಗಂಟಲು ಇನ್ನೂ ದೊಡ್ಡದಾಯಿತು. ನನ್ನ ಗಂಡ ಇದ್ದಿದ್ದರೆ ಇಷ್ಟು ಕೇಳುತ್ತಿರಲಿಲ್ಲ. ಅವರು ಹೋಗುತ್ತಿದ್ದ ಬೋಟಿಗೆ ಜರ್ಮನಿಯ ಇಂಜಿನು ಇತ್ತು. ಸಮುದ್ರದ ಮಧ್ಯೆ ಅದು ಒಂದು ಸಲವೂ ನಿಂತದ್ದಿಲ್ಲವಂತೆ. ಆ ದೇಶದವರ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ಅವರು ಬೀಡಿ ಆರಿಸಿ ಎದ್ದು ಹೋಗುವರು. ಇಂಜಿನು ಮಾಡಿ ಉಳಿದ ಪುರುಸೊತ್ತಿನಲ್ಲಿ ಆ ಜನ ಕತೆಯನ್ನೂ ಬರೆಯುತ್ತಾರೆ ಎಂದು ತಿಳಿದಿದ್ದರೆ ಅವರಿಗೆ ಸ್ವಲ್ಪ ಬೇಸರವೇ ಆಗುತ್ತಿತ್ತು ಎಂದು ಕಾಣುತ್ತದೆ.

ಎಲ್ಲಕ್ಕಿಂತ ದೊಡ್ಡ ಕಾಟ ಲೀಲಕ್ಕನದ್ದು. ಅವಳ ತಂಗಿಯ ಮಗಳು ನರ್ಸಿಂಗ್ ಮುಗಿಸಿ, ಮಳೆಗಾಲ ಶುರುವಾಗುವಾಗ ಜರ್ಮನ್ ಕಲಿಯಲು ಕೂತು, ಇನ್ನೊಂದು ಮಳೆಗಾಲ ಬರುವ ಮೊದಲು ವಿಮಾನ ಹತ್ತಿ ಹೋದಳು. ಈಗ ಅಲ್ಲಿಯ ಆಸ್ಪತ್ರೆಯಲ್ಲಿ ಮುದುಕರನ್ನು ಎತ್ತಿ ಕೂರಿಸುತ್ತಾಳೆ. ಉಡುಪಿ ಮಣಿಪಾಲದಲ್ಲಿ ಈಗ ಹಾಗೆ ಕಲಿಯುವ ಹುಡುಗಿಯರು ಸಾಲು ಸಾಲು ಇದ್ದಾರೆ. ಲೀಲಕ್ಕ ದಿನಾ ಮೀನಿನ ಮೇಲೆ ಐಸು ಹಾಕುತ್ತಾ ನನ್ನನ್ನು ನೋಡದೆಯೇ ಹೇಳುವಳು, ನಮ್ಮ ಹುಡುಗಿಗೆ ಒಂದು ವರ್ಷ ಹಿಡಿಯಲಿಲ್ಲ ಗಿರಿಜಕ್ಕ, ನಿಮ್ಮದು ನಾಲ್ಕು ವರ್ಷದಿಂದ ಕಲಿಯುತ್ತಾ ಉಂಟಲ್ಲ, ತಲೆಗೆ ಹತ್ತುವುದಿಲ್ಲವಾ ಎಂದು. ಅವಳಿಗೆ ಬೇಕೆಂದೇ ನಾನು ಉತ್ತರ ಕೊಡುತ್ತಿರಲಿಲ್ಲ. ಉತ್ತರ ನನಗೂ ಗೊತ್ತಿರಲಿಲ್ಲ.

ಒಂದು ದಿನ ನಿಖಿತಾಳನ್ನೇ ಕೇಳಿದೆ. ನೀನು ಅಲ್ಲಿ ನಾಲ್ಕು ವರ್ಷದಿಂದ ಎಂತ ಮಾಡುವುದು ಸರಿಯಾಗಿ ಹೇಳು, ನನಗೆ ಮಾರ್ಕೆಟ್ಟಿನಲ್ಲಿ ತಲೆ ಎತ್ತಬೇಕು ಎಂದೆ. ಅವಳು ಸಮಾಧಾನದಿಂದಲೇ ಹೇಳಿದಳು. ನೂರೈವತ್ತು ವರ್ಷ ಹಿಂದಿನ ಜರ್ಮನ್ ಕಾದಂಬರಿಗಳಲ್ಲಿ ಜನ ಊಟಕ್ಕೆ ಕೂರುವ ಮೇಜು ಬರುತ್ತದಂತೆ. ಆ ಮೇಜಿನ ತಲೆಯಲ್ಲಿ ಯಾರು ಕೂರುತ್ತಾರೆ, ಬದಿಯಲ್ಲಿ ಯಾರು, ಯಾರಿಗೆ ಮೊದಲು ಬಡಿಸುತ್ತಾರೆ, ಯಾರು ಬಾಯಿ ಬಿಡುವುದಿಲ್ಲ, ರೊಟ್ಟಿ ಕೊನೆಗೆ ಯಾರ ಕೈಗೆ ಬರುತ್ತದೆ ಎಂದು ನೋಡಿದರೆ ಆ ಮನೆ, ಆ ಕಾಲ, ಆ ದೇಶ ಎಲ್ಲ ತಿಳಿಯುತ್ತದಂತೆ. ನಾನು ಎಂತ ತಿನ್ನುತ್ತಾರೆ ಎಂದು ಕೇಳಿದೆ. ಹೆಚ್ಚಾಗಿ ರೊಟ್ಟಿ, ಬಟಾಟೆ, ಸೂಪು ಎಂದಳು. ನಾಲ್ಕು ವರ್ಷ ಬಟಾಟೆಯಾ ಎಂದೆ. ಅವಳು ಎದ್ದು ಒಳಗೆ ಹೋದಳು. ಮರುದಿನ ಲೀಲಕ್ಕನಿಗೆ ನಾನು, ಅದು ದೊಡ್ಡ ವಿಷಯ, ನಿನಗೆ ಹೇಳಿದರೆ ಅರ್ಥವಾಗಲಿಕ್ಕಿಲ್ಲ ಎಂದಷ್ಟೇ ಹೇಳಿದೆ. ನಮ್ಮ ಮನೆಯಲ್ಲಿ ಊಟಕ್ಕೆ ಮೇಜೇ ಇಲ್ಲ, ಎಲ್ಲರೂ ಟಿವಿಯ ಕಡೆ ಮುಖ ಮಾಡಿ ನೆಲದಲ್ಲಿ ಕೂರುವುದು. ನಮ್ಮ ಬಗ್ಗೆ ಯಾರಾದರೂ ಸಂಶೋಧನೆ ಮಾಡಿದರೆ ಧಾರಾವಾಹಿಯ ಹೆಸರು ಮಾತ್ರ ಸಿಕ್ಕೀತು.

ಇರಲಿ. ವಿಷಯ ಇದು. ಈ ಸಂಶೋಧನೆಯ ಪುಸ್ತಕವನ್ನು ನಿಖಿತಾ ಮೇ ತಿಂಗಳ ಒಳಗೆ ಬರೆದು ಮುಗಿಸಿ ಯೂನಿವರ್ಸಿಟಿಗೆ ಕೊಡಬೇಕಿತ್ತು. ಕೊಟ್ಟರೆ ಜೂನಿನಿಂದ ಒಂದು ಕಾಲೇಜಿನಲ್ಲಿ ಅವಳಿಗೆ ಕೆಲಸ, ನರ್ಸಿಂಗ್ ಹುಡುಗಿಯರಿಗೆ ಜರ್ಮನ್ ಕಲಿಸುವುದು. ಕೊಡದಿದ್ದರೆ ಆ ಜಾಗಕ್ಕೆ ಬೇರೆಯವರು ಸಿದ್ಧವಾಗಿ ನಿಂತಿದ್ದರು. ಹುಡುಗಿಗೆ ಆ ಕೆಲಸದ ಮೇಲೆ ಆಸೆ. ನನಗೆ ಅದಕ್ಕಿಂತ ಹೆಚ್ಚು ಆಸೆ, ಯಾಕೆಂದರೆ ಲೀಲಕ್ಕನ ಇನ್ನೊಬ್ಬ ತಂಗಿಗೂ ಮಗಳಿದ್ದಾಳೆ, ಅವಳೂ ನರ್ಸಿಂಗ್ ಓದುತ್ತಾಳೆ, ಜರ್ಮನ್ ಕಲಿಯಲು ಅವಳು ಬಂದು ನಿಲ್ಲಬೇಕಾದದ್ದು ನನ್ನ ಮೊಮ್ಮಗಳ ಎದುರು. ಇಂಥ ದಿನ ದೇವರು ಎಲ್ಲರಿಗೂ ಕೊಡುವುದಿಲ್ಲ.

ಆದರೆ ಕೊಡಬೇಕಾದರೆ ಗೈಡ್ ಒಪ್ಪಬೇಕು. ಗೈಡ್ ಎಂದರೆ ದಾರಿ ತೋರಿಸುವವರಂತೆ. ನಿಖಿತಾಳ ಗೈಡ್ ಸುನಂದಾ ಮೇಡಂ, ಮನೆ ಕಾರ್ಕಳ, ಕೆಲಸ ಮಣಿಪಾಲ. ಒಳ್ಳೆಯವರು, ಗಟ್ಟಿಯಾಗಿ ಒಂದು ಮಾತಾಡಿದವರಲ್ಲ. ಆದರೆ ಹುಡುಗಿ ಒಂದು ಅಧ್ಯಾಯ ಬರೆದುಕೊಂಡು ಹೋದರೆ ಅವರು ಅದರಲ್ಲಿ ಏನಾದರೂ ಒಂದನ್ನು ತೆಗೆಯದೆ ಕಳಿಸುತ್ತಿರಲಿಲ್ಲ. ಸೂಪಿನ ಭಾಗ ತೆಗೆದರು. ಖಾಲಿ ಕುರ್ಚಿಯ ಭಾಗ ಎಂದು ಒಂದು ಇತ್ತು, ಸತ್ತ ತಾಯಿಯ ಕುರ್ಚಿಯಲ್ಲಿ ಯಾರೂ ಕೂರದ್ದು, ಹುಡುಗಿಗೆ ಅದರ ಮೇಲೆ ಬಹಳ ಪ್ರೀತಿ. ಅದನ್ನು ಎರಡು ಸಲ ತೆಗೆದರು, ಎರಡು ಸಲ ಅವಳು ಬೇರೆ ಬಾಗಿಲಿನಿಂದ ಒಳಗೆ ತಂದಳು. ಪ್ರತಿ ಸಲ ಮಣಿಪಾಲದಿಂದ ಬರುವಾಗ ಮುಖ ಬೂದುಗುಂಬಳದ ಹಾಗೆ ಊದಿಸಿಕೊಂಡು ಬರುವಳು. ಏಪ್ರಿಲಿನಲ್ಲಿ ಕೊನೆಯ ಸೆಮಿನಾರ್ ಎಂದು ನಿಂತಿತು. ಅಲ್ಲಿ ನಾಲ್ಕು ಜನ ದೊಡ್ಡವರ ಎದುರು ಎಲ್ಲ ಓದಿ ಹೇಳಬೇಕು, ಅವರು ಸೈ ಎಂದರೆ ಪುಸ್ತಕ ಕೊಡಬಹುದು. ಆ ಸಲವೂ ಮೇಡಂ ಏನಾದರೂ ತೆಗೆದರೆ, ತೆಗೆದದ್ದನ್ನು ಸರಿ ಮಾಡಲು ಸಮಯವೇ ಇರಲಿಲ್ಲ.

ನನಗೆ ಕಾಯಿಲೆ ತಿಳಿಯಿತು. ಇದು ಗಿರಾಕಿಯ ಕಾಯಿಲೆ. ಹುಡುಗಿಯ ಬುಟ್ಟಿಯಲ್ಲಿ ಎಲ್ಲವೂ ಒಳ್ಳೆಯ ಮೀನೇ ಇತ್ತು, ಬಂದವರಿಗೆ ತಳ್ಳಲು ಏನೂ ಇರಲಿಲ್ಲ, ಹಾಗಾಗಿ ಒಳ್ಳೆಯದನ್ನೇ ತಳ್ಳುತ್ತಿದ್ದರು. ನಿಖಿತಾಳನ್ನು ಅಂಗಳದಲ್ಲಿ ಕೂರಿಸಿ, ಬಂಗುಡೆ ರಾಶಿಯ ವಿಷಯವನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಮೇಲೆ ಒಂದು ಸೋತದ್ದು ಇಡು, ಅವರು ಅದನ್ನು ಎತ್ತಿ ಬಿಸಾಡಲಿ, ನಿನ್ನ ಕುರ್ಚಿಯ ತಂಟೆಗೆ ಬರಲಿಕ್ಕಿಲ್ಲ ಎಂದೆ. ಅವಳು ಮೊದಲು ನಕ್ಕಳು. ಆಮೇಲೆ ನಗು ನಿಲ್ಲಿಸಿ ಬಾವಿಕಟ್ಟೆಯನ್ನೇ ನೋಡಿಕೊಂಡು ಕೂತಳು. ಓದಿದವರು ನಮ್ಮ ಮಾತು ಕೇಳುವ ಮೊದಲು ಹೀಗೆ ಸ್ವಲ್ಪ ಹೊತ್ತು ದೂರ ನೋಡುತ್ತಾರೆ, ತಾವೇ ಯೋಚನೆ ಮಾಡಿದ್ದು ಎಂದು ಅನ್ನಿಸಲು.

ಸೋತದ್ದು ಎಂದರೆ ಎಂತ ಇಡುವುದು ಎಂದು ಅವಳಿಗೆ ಚಿಂತೆ. ತೀರಾ ಕೆಟ್ಟದ್ದು ಇಟ್ಟರೆ ಅವಳ ಹೆಸರು ಹೋಗುತ್ತದೆ, ಅದು ಸರಿಯೇ. ಅಷ್ಟರಲ್ಲಿ ನಮ್ಮ ಬೆಕ್ಕು ಮೀನು ಕೊಯ್ಯುವ ಜಾಗದಲ್ಲಿ ನನ್ನ ಕಾಲಿಗೆ ಸುತ್ತುತ್ತಾ ಇತ್ತು. ನಾನು ಹೇಳಿದೆ, ಊಟ ಎಂದ ಮೇಲೆ ಕೆಳಗೆ ಒಂದು ಬೆಕ್ಕು ಇದ್ದೇ ಇರಬೇಕಲ್ಲ, ನಿನ್ನ ಜರ್ಮನಿಯ ಮೇಜಿನ ಕೆಳಗೆ ಬೆಕ್ಕು ಇಲ್ಲವಾ, ಅದರ ಬಗ್ಗೆ ನಾಲ್ಕು ಪುಟ ಬರಿ, ಯಾರಿಗೂ ಬೇಡದ ವಿಷಯ. ಅವಳು ಅದನ್ನೇ ಹಿಡಿದಳು. ಓದಿದ ಪುಸ್ತಕಗಳಲ್ಲಿ ಎಲ್ಲೆಲ್ಲಿ ಬೆಕ್ಕು ಬಂದಿದೆ ಎಂದು ಹುಡುಕಿ, ಮೇಜಿನ ಕೆಳಗೆ ಏನು ಬೀಳುತ್ತದೆ, ಯಾರು ಬೇಕೆಂದೇ ಬೀಳಿಸುತ್ತಾರೆ, ಬೆಕ್ಕು ಯಾರ ಕಾಲಿಗೆ ಒರಗುತ್ತದೆ ಎಂದೆಲ್ಲ ಒಂದು ವಾರದಲ್ಲಿ ಒಂದು ಅಧ್ಯಾಯ ಮಾಡಿದಳು. ಬರೆಯುವಾಗ ಒಬ್ಬಳೇ ನಗುತ್ತಿದ್ದಳು. ನಾಲ್ಕು ವರ್ಷದಲ್ಲಿ ಅವಳು ಬರೆಯುವಾಗ ನಕ್ಕದ್ದನ್ನು ನಾನು ನೋಡಿರಲಿಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು. ಸೋತ ಮೀನನ್ನು ಯಾರೂ ನಗುತ್ತಾ ತೊಳೆಯುವುದಿಲ್ಲ.

ಸೆಮಿನಾರಿನ ದಿನ ನಾನು ಮಾರ್ಕೆಟ್ಟಿಗೆ ಹೋಗದೆ ಮನೆಯಲ್ಲಿಯೇ ಇದ್ದೆ. ದೊಡ್ಡ ಮಾಂಜಿ ಮೀನು ಒಂದು ತರಿಸಿ, ಮಸಾಲೆ ಅರೆದು ಹಚ್ಚಿ ಇಟ್ಟಿದ್ದೆ. ಸಂಜೆ ಅವಳು ಬಂದಳು. ಚಪ್ಪಲಿ ಬಿಡದೆ ಚಾವಡಿಯಲ್ಲಿ ಕೂತಳು. ಕಾವಲಿ ಇಡಬೇಕಾ ಎಂದು ಕೇಳಿದೆ. ಬೇಡ ಎಂದಳು. ನಮ್ಮ ಮನೆಯಲ್ಲಿ ಹುಟ್ಟಿದ ಮಗು ಮಾಂಜಿ ಬೇಡ ಎಂದರೆ ಅದು ಸಣ್ಣ ವಿಷಯ ಅಲ್ಲ ಎಂದು ನಾನೂ ಹತ್ತಿರ ಕೂತೆ.

ನಡೆದದ್ದು ಹೀಗೆ. ಇವಳು ಮೇಜು, ರೊಟ್ಟಿ, ಕುರ್ಚಿ ಎಲ್ಲ ಓದಿ ಹೇಳುವಷ್ಟು ಹೊತ್ತು ಮೇಡಂ ಕಿಟಕಿಯ ಹೊರಗೆ ನೋಡುತ್ತಿದ್ದರಂತೆ. ಬೆಕ್ಕು ಬಂದ ಕೂಡಲೇ ಕನ್ನಡಕ ಹಾಕಿಕೊಂಡರಂತೆ. ಮುಗಿದ ಮೇಲೆ ಎದ್ದು ನಿಂತು, ಈ ಹುಡುಗಿಯ ಸಂಶೋಧನೆಯ ಜೀವ ಇರುವುದು ಈ ಅಧ್ಯಾಯದಲ್ಲಿ, ಮೇಜಿನ ಮೇಲಿನದನ್ನು ಎಲ್ಲರೂ ಬರೆದಿದ್ದಾರೆ, ಕೆಳಗಿನದನ್ನು ಯಾರೂ ನೋಡಿಲ್ಲ, ಇಡೀ ಪುಸ್ತಕವನ್ನು ಇದರ ಸುತ್ತ ಹೊಸದಾಗಿ ಕಟ್ಟಬೇಕು ಎಂದರಂತೆ. ಬೆಕ್ಕು ಇದ್ದರೆ ನಾಯಿಯೂ ಇರುತ್ತದಲ್ಲ ಎಂದು ಬೇರೆ ಹೇಳಿದರಂತೆ. ಉಳಿದ ಮೂವರು ತಲೆ ಆಡಿಸಿದರಂತೆ. ಹೊಸದಾಗಿ ಕಟ್ಟುವುದೆಂದರೆ ಇನ್ನೊಂದು ವರ್ಷ. ಜೂನಿನ ಕೆಲಸ ಸಮುದ್ರಕ್ಕೆ ಬಿದ್ದ ಹಾಗೆಯೇ.

ನಾನು ಹೇಳಿದೆ, ಅವರು ಎಂತ ಹೆಂಗಸು, ಮೇಲಿದ್ದದ್ದನ್ನು ಒತ್ತಿ ನೋಡಿ ಬದಿಗೆ ಇಡಬೇಕೆಂದು ಗೊತ್ತಿಲ್ಲವಾ, ಜನ್ಮದಲ್ಲಿ ಮೀನು ಕೊಂಡವರಲ್ಲವಾ ಎಂದು.

"ಇಲ್ಲ ಅಜ್ಜಿ," ಎಂದಳು ನಿಖಿತಾ. "ಅವರು ಜೈನರು. ನೀರುಳ್ಳಿ ಸಹ ತಿನ್ನುವುದಿಲ್ಲ."

ಇದನ್ನು ಮೊದಲೇ ಹೇಳಬಾರದಿತ್ತಾ ಎಂದೆ. ನೀನು ಕೇಳಲಿಲ್ಲ ಎಂದಳು. ಅದು ಸತ್ಯ. ನಾನು ಈ ಲೋಕದಲ್ಲಿ ಇರುವವರೆಲ್ಲ ಮೀನಿನ ಗಿರಾಕಿಗಳು ಎಂದು ತಿಳಿದುಕೊಂಡು ಬದುಕಿದವಳು. ಕಾರ್ಕಳದಲ್ಲಿ ಎಷ್ಟೊಂದು ಬಸದಿ ಉಂಟು, ಎಷ್ಟೊಂದು ಜೈನರ ಮನೆ ಉಂಟು, ನಾನೇ ಸಣ್ಣ ಪ್ರಾಯದಲ್ಲಿ ತಲೆಯ ಮೇಲೆ ಬುಟ್ಟಿ ಇಟ್ಟುಕೊಂಡು ಆ ಬೀದಿಗಳನ್ನು ದಾಟಿ ಹೋದವಳು. ಆ ಮನೆಗಳ ಎದುರು ಕೂಗಬಾರದೆಂದು ಬಾಯಿ ಮುಚ್ಚಿಕೊಂಡು ನಡೆದವಳು. ಅಂಥ ಊರಿನ ಮೇಡಂಗೆ ಮಂಕು ಬಂಗುಡೆ ಇಟ್ಟು ಬಂದೆ. ಚೌಕಾಸಿ ಮಾಡಲು ಬರುವವರಿಗೆ ಮಾತ್ರ ಆ ಉಪಾಯ. ಚೌಕಾಸಿ ಗೊತ್ತಿಲ್ಲದವರು ಮೊದಲು ಕೈಗೆ ಸಿಕ್ಕಿದ್ದನ್ನು ಪ್ರೀತಿಯಿಂದ ತೆಗೆದುಕೊಂಡು ಹೋಗುತ್ತಾರೆ. ಹಿಂದೆ ಒಮ್ಮೆ ಎಲ್ಲಿಂದಲೋ ವರ್ಗವಾಗಿ ಬಂದ ಬ್ಯಾಂಕಿನವರೊಬ್ಬರು ಹೀಗೆಯೇ ಮೇಲಿನ ಮಂಕು ಮೀನನ್ನೇ, ಇದು ದೊಡ್ಡದಾಗಿ ಚಂದ ಉಂಟು, ಇದೊಂದೇ ಸಾಕು ಎಂದು ಕೊಂಡು ಹೋಗಿದ್ದರು. ಬೇಡ ಸ್ವಾಮಿ, ಕೆಳಗಿನದು ತೆಗೆದುಕೊಳ್ಳಿ ಎಂದು ನಾನು ಹೇಳಿದರೆ, ಒಳ್ಳೆಯದನ್ನು ಅಡಗಿಸಿ ಕೆಟ್ಟದ್ದನ್ನು ಕೊಡುತ್ತಿದ್ದೇನೆ ಎಂದು ಅವರಿಗೆ ಅನುಮಾನ. ನನ್ನ ಒಳ್ಳೆಯ ಮೀನು ಬುಟ್ಟಿಯಲ್ಲಿಯೇ ಉಳಿಯಿತು.

ಎರಡು ದಿನ ಹುಡುಗಿ ನನ್ನ ಹತ್ತಿರ ಮಾತಾಡಲಿಲ್ಲ. ಮಾತಾಡದಿದ್ದರೆ ನನಗೇನೂ ಬೇಸರ ಇಲ್ಲ, ಮನೆ ತಣ್ಣಗಿರುತ್ತದೆ. ಆದರೆ ಅವಳು ಊಟವೂ ಸರಿಯಾಗಿ ಮಾಡಲಿಲ್ಲ, ರಾತ್ರಿ ಹಗಲು ಆ ಕಂಪ್ಯೂಟರನ್ನು ಮುಚ್ಚಿಟ್ಟು ಅದರ ಮೇಲೆ ಕೈ ಇಟ್ಟುಕೊಂಡು ಕೂತಿರುವಳು. ನನ್ನ ಮಗಳು, ಎಂದರೆ ಅವಳ ತಾಯಿ, ಎಲ್ಲ ನಿಮ್ಮಿಂದ ಎಂದು ನನಗೆ ಕೇಳುವಷ್ಟೇ ಮೆಲ್ಲಗೆ ಹೇಳುತ್ತಾ ಪಾತ್ರೆ ತಿಕ್ಕುವಳು. ಮಾರ್ಕೆಟ್ಟಿನಲ್ಲಿ ಲೀಲಕ್ಕ, ಮೊಮ್ಮಗಳ ಕೆಲಸ ಜೂನಿನಿಂದ ಅಲ್ಲವಾ ಎಂದು ಕೇಳಿದಳು. ಆವತ್ತೇ ನಾನು ಕಾರ್ಕಳಕ್ಕೆ ಹೋಗುವುದೆಂದು ನಿಶ್ಚಯ ಮಾಡಿದೆ.

ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಎರಡು ಸಲ ಸಾಬೂನು ಹಾಕಿ ಮಿಂದು, ಮದುವೆಗೆ ಉಡುವ ಸೀರೆ ಉಟ್ಟು, ಶಂಕರಪುರದ ಮಲ್ಲಿಗೆ ಎರಡು ಚೆಂಡು ಬಾಳೆಲೆಯಲ್ಲಿ ಕಟ್ಟಿಸಿಕೊಂಡೆ. ಬೇರೆಯವರ ಮನೆಗೆ ಹೋಗುವಾಗ ಅಂಜಲ್ ಮೀನಿನ ತುಂಡು ತೆಗೆದುಕೊಂಡು ಹೋಗುವ ಅಭ್ಯಾಸ ನಮ್ಮದು. ಆ ಮನೆಗೆ ಎಂತ ಕೊಂಡು ಹೋಗುವುದೆಂದು ಯೋಚಿಸಿಯೇ ಅರ್ಧ ಬೆಳಿಗ್ಗೆ ಹೋಯಿತು. ಪಡುಬಿದ್ರೆಯಲ್ಲಿ ಇಳಿದು ಕಾರ್ಕಳದ ಬಸ್ಸು ಹಿಡಿದೆ. ಕಂಡಕ್ಟರ್ ನನ್ನನ್ನು ನೋಡಿದ ಕೂಡಲೇ ಅಭ್ಯಾಸದಿಂದ ಹಿಂದಿನ ಸೀಟು ತೋರಿಸಿದ. ಇವತ್ತು ಬುಟ್ಟಿ ಇಲ್ಲ ಮಾರಾಯ ಎಂದು ಮುಂದಿನ ಸೀಟಿನಲ್ಲಿಯೇ ಕೂತೆ. ಬೆಳ್ಮಣ್ಣು ದಾಟುವವರೆಗೆ ಲೆಕ್ಕ ಹಾಕಿದೆ. ಚೌಕಾಸಿ ಗೊತ್ತಿಲ್ಲದವರ ಹತ್ತಿರ ಹೆಚ್ಚು ಹೇಳಿ ಇಳಿಸಲು ಹೋದರೆ ಮತ್ತೆ ಬ್ಯಾಂಕಿನವರ ಕತೆಯಾಗುತ್ತದೆ. ಅವರ ಹತ್ತಿರ ಕೊನೆಯ ರೇಟು ಮೊದಲೇ ಹೇಳಬೇಕು. ಕೊನೆಯ ರೇಟು ಎಂದರೆ ಎಂತ ಎಂದು ಯೋಚಿಸಿದೆ. ಮೇಜು ಇರಲಿ, ಕುರ್ಚಿ ಇರಲಿ, ಬೆಕ್ಕೂ ಇರಲಿ. ಅವರಿಗೆ ನಾಯಿ ಬೇಕೆಂದು ಆಸೆ ಉಂಟಲ್ಲ, ಆ ನಾಯಿಯನ್ನು ಒಂದು ಅಧ್ಯಾಯ ಮಾಡಿ ಕೊಟ್ಟುಬಿಡುವುದು. ತಾರೀಕು ಮಾತ್ರ ಬದಲಾಗಬಾರದು. ನನಗೇ ಸಂತೋಷವಾಯಿತು, ಎಷ್ಟು ಸರಿಯಾದ ಲೆಕ್ಕ ಎಂದು.

ಮೇಡಂ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಜರ್ಮನ್ ಕಲಿಸುವ ಅಮ್ಮನ ಮನೆ ಯಾವುದು ಎಂದರೆ ರಿಕ್ಷಾದವನಿಗೆ ಗೊತ್ತಿತ್ತು. ಮೇಡಂ ನಾನು ನೆನೆಸಿದ್ದಕ್ಕಿಂತ ಸಣ್ಣ ಆಳು, ತಲೆ ಪೂರ್ತಿ ಬಿಳಿ. ನಾನು ನಿಖಿತಾಳ ಅಜ್ಜಿ ಎಂದ ಕೂಡಲೇ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಕುರ್ಚಿಯಲ್ಲಿ ಕೂರಿಸಿದರು, ಮಜ್ಜಿಗೆ ಕೊಟ್ಟರು, ಮಲ್ಲಿಗೆ ನೋಡಿ ಇಷ್ಟು ಯಾಕೆ ತಂದಿರಿ ಎಂದು ಅರ್ಧ ದೇವರಿಗೆ ಇಟ್ಟು ಅರ್ಧ ಮುಡಿದರು. ಅವರ ಮನೆಯಲ್ಲಿ ಊಟದ ಮೇಜು ಇತ್ತು. ಅದರ ತುಂಬಾ ಪುಸ್ತಕ ಇತ್ತು, ಊಟ ಮಾಡಲು ಅಂಗೈ ಅಗಲ ಜಾಗ ಇರಲಿಲ್ಲ. ನಾನು ಕೆಳಗೆ ಬಗ್ಗಿ ನೋಡಿದೆ, ಅಲ್ಲಿಯೂ ಪುಸ್ತಕವೇ.

ಅವರು ಏನೋ ಹೇಳಲು ಬಾಯಿ ತೆರೆದರು. ನಾನು ಬಿಡಲಿಲ್ಲ. ಮೊದಲು ಮಾತಾಡಿದವರ ಕೈ ಮೇಲೆ, ಇದು ಎಲ್ಲ ವ್ಯಾಪಾರದಲ್ಲಿಯೂ ಉಂಟು.

"ಮೇಡಂ, ಆ ಬೆಕ್ಕು ಬರೆಯಿಸಿದ್ದು ನಾನು. ನೀವು ಬಿಸಾಡಲಿ ಎಂದೇ ಬರೆಯಿಸಿದ್ದು," ಎಂದೆ. ಬಂಗುಡೆ ರಾಶಿಯ ವಿಷಯವನ್ನು ಆ ಮನೆಯಲ್ಲಿ ಹೇಳಬಹುದಾ ಬಾರದಾ ಎಂದು ಒಂದು ಕ್ಷಣ ನೋಡಿ, ಹೇಳಿಯೇಬಿಟ್ಟೆ. ಮೇಡಂ ಮೊದಲು ಮಜ್ಜಿಗೆ ಲೋಟ ಕೆಳಗಿಟ್ಟರು. ಆಮೇಲೆ ಸೆರಗು ಬಾಯಿಗೆ ಇಟ್ಟುಕೊಂಡು ನಗಲು ಶುರು ಮಾಡಿದರು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ತನಗೆ ಅದು ಗೊತ್ತೇ ಆಗಲಿಲ್ಲ ಎಂದರು. ಗೊತ್ತಾದ ಮೇಲೆಯೂ ಆ ಅಧ್ಯಾಯ ಒಳ್ಳೆಯದೇ ಎಂದರು. ಮೂವತ್ತು ವರ್ಷದಿಂದ ಮಕ್ಕಳು ಬರೆದ ರೊಟ್ಟಿ ಬಟಾಟೆ ಓದಿ ಓದಿ ನಿದ್ದೆ ಬರುತ್ತಿತ್ತು ಅಮ್ಮ, ಬೆಕ್ಕು ಎಬ್ಬಿಸಿತು ಎಂದರು.

ನಗುವವರ ಹತ್ತಿರ ರೇಟು ಹೇಳಲು ಅದೇ ಸಮಯ. ಹುಡುಗಿಯ ಜೂನಿನ ಕೆಲಸದ ವಿಷಯ ಹೇಳಿದೆ. ಲೀಲಕ್ಕನ ವಿಷಯವನ್ನೂ ಹೇಳಿದೆ, ಅದೂ ಮುಖ್ಯವೇ. ಆಮೇಲೆ ಬಸ್ಸಿನಲ್ಲಿ ಮಾಡಿದ ಲೆಕ್ಕವನ್ನು ಒಂದೇ ಉಸಿರಿನಲ್ಲಿ ಎದುರಿಗೆ ಇಟ್ಟೆ. ಇದ್ದದ್ದು ಇದ್ದ ಹಾಗೆ ಇರಲಿ, ನಾಯಿಯ ಒಂದು ಅಧ್ಯಾಯ ಅವಳ ಹತ್ತಿರ ಹೆಚ್ಚಿಗೆ ಬರೆಯಿಸಿ ಕೊಡುವುದು ನನ್ನ ಜವಾಬ್ದಾರಿ, ಮೇ ತಿಂಗಳು ಮಾತ್ರ ದಾಟಬಾರದು.

"ಆಯಿತು," ಎಂದರು ಮೇಡಂ.

ಒಂದು ಮಾತು ಹೆಚ್ಚು ಕಡಿಮೆ ಇಲ್ಲ. ನಾನು ಎರಡನೇ ಮಾತಿಗೆ ಸಿದ್ಧ ಮಾಡಿಕೊಂಡು ಬಂದ ಉಸಿರು ಹಾಗೆಯೇ ಎದೆಯಲ್ಲಿ ಉಳಿಯಿತು. ವ್ಯಾಪಾರ ಮಾಡಿದವರಿಗೆ ಗೊತ್ತು, ಕೇಳಿದ ಕೂಡಲೇ ಆಯಿತು ಎಂದ ಗಿರಾಕಿಯಷ್ಟು ಸಂಕಟ ಬೇರೆ ಯಾರೂ ಕೊಡುವುದಿಲ್ಲ. ಆದರೂ ಕೆಲಸ ಆಯಿತಲ್ಲ ಎಂದು ಕೈ ಮುಗಿದು ಎದ್ದೆ. ಅವರು ಗೇಟಿನವರೆಗೆ ಬಂದರು. ಅಲ್ಲಿ ನಿಂತು ಸಮಾಧಾನದಿಂದ ಹೇಳಿದರು.

"ನಿಜ ಹೇಳಬೇಕೆಂದರೆ ಅಮ್ಮ, ಇವತ್ತು ಸಂಜೆ ನಾನೇ ಅವಳಿಗೆ ಫೋನ್ ಮಾಡುವವಳಿದ್ದೆ. ಹೊಸದಾಗಿ ಕಟ್ಟು ಎಂದದ್ದು ಹೆಚ್ಚಾಯಿತು, ಇದ್ದ ಹಾಗೆಯೇ ಕೊಟ್ಟುಬಿಡು ಎಂದು ಹೇಳುವ ಅಂತ. ನೀವು ಬಂದು ನಾಯಿಯನ್ನೂ ಕೊಟ್ಟಿರಿ. ಒಳ್ಳೆಯದೇ ಆಯಿತು."

ಕಾರ್ಕಳದಿಂದ ಪಡುಬಿದ್ರೆಯವರೆಗೆ ನಾನು ಯಾವ ಸೀಟಿನಲ್ಲಿ ಕೂತಿದ್ದೆ ಎಂದು ನನಗೆ ನೆನಪಿಲ್ಲ. ಬಾಯಿ ಮುಚ್ಚಿಕೊಂಡು ಮಜ್ಜಿಗೆ ಕುಡಿದಿದ್ದರೆ ಸಾಕಿತ್ತು. ಅವರು ಬಾಯಿ ತೆರೆದದ್ದನ್ನು ಮುಚ್ಚಿಸಿ, ಯಾರೂ ಕೇಳದ ನಾಯಿಯನ್ನು ನಾನೇ ಎಳೆದುಕೊಂಡು ಹೋಗಿ ಆ ಮನೆಯ ಗೇಟಿಗೆ ಕಟ್ಟಿ ಬಂದೆ. ಇಷ್ಟು ವರ್ಷದಲ್ಲಿ ನನಗೆ ಇಂಥ ವ್ಯಾಪಾರ ಆದದ್ದಿಲ್ಲ. ಮೀನು ಮುಟ್ಟದವರು, ಒಂದು ಮಾತು ಚೌಕಾಸಿ ಮಾಡದೆ, ನಗುತ್ತಾ ನನ್ನ ಬುಟ್ಟಿ ಖಾಲಿ ಮಾಡಿ ಕಳಿಸಿದರು. ಬೈಯಲು ಸಹ ಆಗುವುದಿಲ್ಲ, ಮಲ್ಲಿಗೆ ಮುಡಿದುಕೊಂಡು ಬಸ್ ಸ್ಟ್ಯಾಂಡಿಗೆ ರಿಕ್ಷಾ ಮಾಡಿಕೊಟ್ಟಿದ್ದರು.

ಮನೆಗೆ ಬಂದು ನಿಖಿತಾಳಿಗೆ ಅರ್ಧ ಹೇಳಿದೆ. ಮೇ ತಿಂಗಳಲ್ಲಿಯೇ ಕೊಡಬಹುದಂತೆ, ಮೇಜು ಕುರ್ಚಿ ಎಲ್ಲ ಇರಬಹುದಂತೆ, ನಾಯಿಯ ಒಂದು ಅಧ್ಯಾಯ ಮಾತ್ರ ಹೆಚ್ಚಿಗೆ ಬೇಕು ಎಂದೆ. ಹುಡುಗಿ ನನ್ನನ್ನು ಅಪ್ಪಿಕೊಂಡಳು. ನಮ್ಮಲ್ಲಿ ಹಾಗೆಲ್ಲ ಅಪ್ಪುವ ಅಭ್ಯಾಸ ಇಲ್ಲ, ಅವಳು ಜರ್ಮನ್ ಓದಿ ಕಲಿತದ್ದಿರಬೇಕು. ಆವತ್ತು ಎರಡು ತಟ್ಟೆ ಅನ್ನ ಉಂಡಳು, ಅವಳ ತಾಯಿ ನನಗೆ ಕೇಳುವ ಹಾಗೆಯೇ, ಅಜ್ಜಿ ಹೋದ ಕಾರಣ ಆಯಿತು ಎಂದಳು. ನಾನು ಇಲ್ಲ ಎನ್ನಲಿಲ್ಲ.

ಈಗ ಮೇ ಮುಗಿಯುತ್ತಾ ಬಂತು. ಪುಸ್ತಕ ಉಳಿದೆಲ್ಲ ಸಿದ್ಧವಾಗಿ ಕೂತಿದೆ, ನಾಯಿಯದ್ದು ಮಾತ್ರ ಮುಗಿಯುವುದಿಲ್ಲ. ಜರ್ಮನಿಯವರಿಗೆ ನಾಯಿ ಎಂದರೆ ಇಷ್ಟು ಪ್ರಾಣ ಎಂದು ನನಗೆ ಹೇಗೆ ಗೊತ್ತಿರಬೇಕು. ಬೆಕ್ಕು ಅಲ್ಲೊಂದು ಇಲ್ಲೊಂದು ಪುಸ್ತಕದಲ್ಲಿ ಇತ್ತಂತೆ, ನಾಯಿ ತೆರೆದ ಪುಸ್ತಕದಲ್ಲೆಲ್ಲ ಉಂಟಂತೆ, ಕೆಲವು ಮನೆಯಲ್ಲಿ ಎರಡೆರಡು. ಅಜ್ಜಿ, ಇನ್ನೊಂದು ಸಿಕ್ಕಿತು ಎಂದು ಅವಳು ಒಳಗಿನಿಂದ ಕೂಗುವಾಗ ನಾನು ಮೀನು ಕೊಯ್ಯುವ ಕತ್ತಿ ಕೆಳಗಿಡುತ್ತೇನೆ. ಎದ್ದು ಅವಳಿಗೆ ಚಹಾ ಮಾಡಿ ಕೊಡುತ್ತೇನೆ, ಬೂತಾಯಿ ಮೀನು ಹುರಿದು ಕೊಡುತ್ತೇನೆ, ತಲೆಗೆ ಎಣ್ಣೆ ತಿಕ್ಕುತ್ತೇನೆ. ಅಜ್ಜಿ ಯಾವತ್ತೂ ಹೀಗೆ 'ಪಾಪ' ಎನ್ನುವವಳಲ್ಲ, ವಯಸ್ಸಾದ ಮೇಲೆ ಮೆತ್ತಗಾಗಿದ್ದಾಳೆ ಎಂದು ಮನೆಯಲ್ಲಿ ಮಾತು ಉಂಟು. ನಾನು ಇದನ್ನೆಲ್ಲ ಬರೆಯುತ್ತಿರುವುದು ಅವಳು ಬಿಸಾಡಿದ ಬಟಾಟೆ ಅಧ್ಯಾಯದ ಹಿಂಬದಿಯಲ್ಲಿ. ಅವಳು ನೋಡುವ ಭಯ ಇಲ್ಲ, ನಾಯಿ ಬಿಟ್ಟು ಬೇರೆ ಏನನ್ನೂ ಓದಲು ಅವಳಿಗೆ ಪುರುಸೊತ್ತಿಲ್ಲ.

ನಿನ್ನೆ ಎಣ್ಣೆ ತಿಕ್ಕುವಾಗ ಅವಳು ಕಣ್ಣು ಮುಚ್ಚಿಕೊಂಡೇ ಕೇಳಿದಳು, ನಾಯಿಯ ವಿಷಯ ಬಂದಾಗ ಮೇಡಂ ಸರಿಯಾಗಿ ಎಂತ ಹೇಳಿದ್ದು ಅಜ್ಜಿ ಎಂದು. ನಾನು ಅಂಗೈಗೆ ಇನ್ನಷ್ಟು ಎಣ್ಣೆ ಸುರಿದುಕೊಂಡೆ.

"ಬಹಳ ಸಂತೋಷಪಟ್ಟರು ಮಗಾ," ಎಂದೆ. ಅದಂತೂ ಸುಳ್ಳಲ್ಲ.